ಯಾರಿಗೂ ಹೇಳ್ಬೇಡಿ ಮೇಸ್ತ್ರಿ

ಮೊದಲು ಷೆಡ್ಡಿನ ತಗಡಿನ ಬಾಗಿಲು ಕಿರುಚಿತು. ಅದರ ತಿರುಗಣಿ ಎಣ್ಣೆ ಕಂಡು ಎರಡು ವರ್ಷವಾಗಿತ್ತು. ತೆರೆದಾಗಲೆಲ್ಲ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೂಗುತ್ತಿತ್ತು. ಗೋಡೆಯ ಈಚೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮೇಸ್ತ್ರಿ ಕೈ ನಿಲ್ಲಿಸಿ ಕಾದ. ಬಾಗಿಲಿನ ಹಿಂದೆಯೇ ಬರಬೇಕಾಗಿದ್ದ ಇನ್ನೊಂದು ಸದ್ದು, ಸೆಲ್ಫ್ ಹೊಡೆದಾಗಿನ ಗರಗರ, ಬರಲಿಲ್ಲ. ಟ್ರ್ಯಾಕ್ಟರಿನ ಮೊದಲ ಕೆಮ್ಮೂ ಬರಲಿಲ್ಲ. ಬೇಲಿಯ ಮೇಲೆ ಒಂದು ಹಕ್ಕಿ ಮಾತ್ರ ತನ್ನ ಪಾಡಿಗೆ ಮಾತಾಡಿಕೊಂಡಿತ್ತು.

"ಏನ್ರೀ, ಬಾಯಲ್ಲಿ ಬ್ರಷ್ ಇಟ್ಕೊಂಡು ಧ್ಯಾನಕ್ಕೆ ನಿಂತುಬಿಟ್ರಾ?" ಎಂದಳು ಹೆಂಡತಿ, ಬಟ್ಟೆ ಹರವುತ್ತ.

ಮೇಸ್ತ್ರಿ ಗೋಡೆಗೆ ಕಿವಿಗೊಟ್ಟ. ಗೋಡೆಯಾಚೆ ಯಾರೋ ಟ್ರ್ಯಾಕ್ಟರಿನ ಬೀಗದ ಕೈಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಆ ಸಣ್ಣ ಕಟಕಟ ಮಾತ್ರ ಕೇಳುತ್ತಿತ್ತು. ಸದ್ದೇ ಇಲ್ಲವೆಂದರೆ ದೊಡ್ಡಣ್ಣನದು, ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಬಾಯಿ ಮುಕ್ಕಳಿಸಿ, ಅಂಗಿ ಹಾಕಿಕೊಂಡು, ಸಾಮಾನಿನ ಚೀಲ ಹೆಗಲಿಗೇರಿಸಿದ. ಯಾರೂ ಕರೆಯುವ ಮೊದಲೇ ಅವನು ಹೊರಟಿದ್ದು ನೋಡಿ ಹೆಂಡತಿಗೆ ನಗು ಬಂತು.

"ಕರೆಯದೆ ಹೋದ್ರೆ ಬೆಲೆ ಇರಲ್ಲ."

"ಇನ್ನು ಐದು ನಿಮಿಷಕ್ಕೆ ಕರೀತಾರೆ. ಅವರಿಗೆ ಬಂದು ಹೋಗೋ ಕೆಲಸ ಒಂದು ಉಳೀತು."

ಬಾಗಿಲು ದಾಟುವಷ್ಟರಲ್ಲಿ ಗೋಡೆಯ ಮೇಲೆ ದೊಡ್ಡಣ್ಣನ ತಂಗಿಯ ತಲೆ ಕಾಣಿಸಿತು. "ಮೇಸ್ತ್ರಣ್ಣಾ! ಸ್ವಲ್ಪ ಬನ್ನಿ, ಬೇಗ. ಸತ್ತ ಹಾಗೆ ಕೂತಿದೆ."

ಆ ಟ್ರ್ಯಾಕ್ಟರಿಗೆ ಮೂವರು ಒಡೆಯರು. ಒಬ್ಬ ದೊಡ್ಡಣ್ಣ, ಒಬ್ಬ ಚಿಕ್ಕಣ್ಣ, ಒಬ್ಬಳು ತಂಗಿ. ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೇ ಹಾಗೆ, ಊರು ಕರೆಯುತ್ತಿದ್ದುದೂ ಹಾಗೆಯೇ. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಹಗ್ಗ ಹಿಡಿದು ಮೂರು ಪಾಲು ಮಾಡಿಕೊಂಡರು. ಪಾತ್ರೆ ಹಂಚಿಕೊಂಡರು, ಮಂಚ ಹಂಚಿಕೊಂಡರು. ಟ್ರ್ಯಾಕ್ಟರಿಗೆ ಹಗ್ಗ ಹಿಡಿಯಲಾಗಲಿಲ್ಲ. ಹಾಗಾಗಿ ಪಾಳಿ ಮಾಡಿದರು: ಒಬ್ಬೊಬ್ಬರಿಗೆ ಒಂದೊಂದು ದಿನ, ಬೆಳಗಿನಿಂದ ಬೆಳಗಿನವರೆಗೆ. ಮಳೆ ಬಂದರೂ ಪಾಳಿ ಪಾಳಿಯೇ, ಮುಂದಕ್ಕೆ ಹೋಗುವುದಿಲ್ಲ. ಬೀಗದ ಕೈ ಷೆಡ್ಡಿನೊಳಗೆ ಒಂದು ಮೊಳೆಗೆ ನೇತಾಡಬೇಕು, ಯಾರೂ ಮನೆಗೊಯ್ಯುವ ಹಾಗಿಲ್ಲ. ನಂಬಿಕೆಯ ಮೇಲೆ ನಡೆಯುವ ಏರ್ಪಾಡು ಎಂದು ಮೂವರೂ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ತಾನು ಕಳ್ಳ, ಪರರ ನಂಬ ಎಂಬ ಮಾತು ಆ ಮೊಳೆಯ ಪಕ್ಕದಲ್ಲೇ ನೇತಾಡುತ್ತಿತ್ತು. ಅದನ್ನು ಕಂಡವನು ಮೇಸ್ತ್ರಿ ಒಬ್ಬನೇ.

ಪಾಳಿ ಶುರುವಾದ ಮೊದಲ ವರ್ಷ ದೊಡ್ಡಣ್ಣ ಬಂದಿದ್ದ. ಮೇಸ್ತ್ರಿಯ ಕೊಟ್ಟಿಗೆಯಲ್ಲಿ ಬೇರೆ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು, "ಚಿಕ್ಕೋನು ನನ್ನ ದಿನ ಗಾಡಿ ತಗೊಂಡು ಹೋಗಿ ಬೇರೆಯೋರ ಹೊಲ ಉಳ್ತಾನೆ. ಜಗಳ ಆಡೋಕೆ ನಂಗಿಷ್ಟ ಇಲ್ಲ. ಏನಾದ್ರೂ ಮಾಡಿ. ಯಾರಿಗೂ ಹೇಳ್ಬೇಡಿ ಮೇಸ್ತ್ರಿ," ಎಂದಿದ್ದ. ಮೇಸ್ತ್ರಿ ಬ್ಯಾಟರಿ ಪೆಟ್ಟಿಗೆಯ ಹಿಂದೆ, ಕೈ ಬಗ್ಗಿಸಿದರೆ ಮಾತ್ರ ಎಟಕುವ ಹಾಗೆ, ಒಂದು ಸ್ವಿಚ್ಚು ಕೂರಿಸಿಕೊಟ್ಟ. ಅದನ್ನು ಆರಿಸಿದರೆ ಟ್ರ್ಯಾಕ್ಟರ್ ಬರೀ ಕಬ್ಬಿಣ.

ಎರಡನೆಯ ವರ್ಷ ಚಿಕ್ಕಣ್ಣ ಬಂದ. "ದೊಡ್ಡಣ್ಣ ಅವನ ಪಾಳಿ ಮುಗಿದ ಮೇಲೂ ಬೆಳಗಿನ ಜಾವ ಎರಡು ಸುತ್ತು ಹೊಡೀತಾನೆ, ಡೀಸೆಲ್ ನಂದು. ಹಿರಿಯ ಅಂತ ಬಾಯಿ ಮುಚ್ಚಿಕೊಂಡಿದ್ದೀನಿ. ಯಾರಿಗೂ ಹೇಳ್ಬೇಡಿ." ಒಬ್ಬನಿಗೆ ಹಾಕಿಕೊಟ್ಟ ಮೇಲೆ ಇನ್ನೊಬ್ಬನಿಗೆ ಇಲ್ಲವೆನ್ನುವುದು ಹೇಗೆ? ಇಲ್ಲವೆಂದರೆ ಏಕೆಂದು ಕೇಳುತ್ತಾನೆ. ಏಕೆಂದು ಹೇಳಿದರೆ ಮೊದಲ ಮಾತು ಮುರಿಯುತ್ತದೆ. ಮೇಸ್ತ್ರಿ ಡೀಸೆಲ್ ಟ್ಯಾಂಕಿನ ಅಡಿಯ ಪೈಪಿಗೆ ಬೆರಳುದ್ದದ ಒಂದು ನಲ್ಲಿ ಕೂರಿಸಿ, ಮೇಲೆ ತಗಡು ಮುಚ್ಚಿದ.

ಮೂರನೆಯ ವರ್ಷ ತಂಗಿ ಬಂದಳು. ಅವಳಂತೂ ಸುತ್ತಿ ಬಳಸಿ ಮಾತಾಡುವವಳಲ್ಲ. "ಅವರಿಬ್ಬರನ್ನೂ ನಾನು ಎತ್ತಿ ಆಡಿಸಿಲ್ಲ, ಅವರೇ ನನ್ನನ್ನ ಎತ್ತಿ ಆಡಿಸಿದ್ದು. ಅದಕ್ಕೇ ಅವರ ಕೈ ಎಷ್ಟು ಉದ್ದ ಅಂತ ನಂಗೊತ್ತು. ಒಂದು ಉಪಾಯ ಮಾಡಿ ಅಣ್ಣಾ. ಯಾರಿಗೂ..." "ಹೇಳಲ್ಲ," ಎಂದು ಮೇಸ್ತ್ರಿಯೇ ಮುಗಿಸಿದ್ದ. ಬಾನೆಟ್ಟಿನ ಕೆಳಗೆ, ಡೀಸೆಲ್ ಪಂಪಿನ ಪಕ್ಕ, ಎಂಜಿನ್ ನಿಲ್ಲಿಸಲು ಎಳೆಯುವ ಒಂದು ಸಣ್ಣ ಹಿಡಿಯಿರುತ್ತದೆ. ಅದನ್ನು ನಿಲ್ಲಿಸಿದ ಸ್ಥಿತಿಯಲ್ಲೇ ಎಳೆದು ಹಿಡಿಯುವ ಒಂದು ತಂತಿ ಕೊಕ್ಕೆಯನ್ನು ಅವಳಿಗೆ ಮಾಡಿಕೊಟ್ಟ.

ಹೀಗೆ ಒಂದು ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಮೂರು ಗುಟ್ಟು ಸೇರಿಕೊಂಡವು. ಗುಟ್ಟು ಇಟ್ಟುಕೊಳ್ಳುವುದು ಮೇಸ್ತ್ರಿಗೆ ಹೊಸದಾಗಿರಲಿಲ್ಲ. ಅವನು ಚಿಕ್ಕವನಿದ್ದಾಗ ಅವನ ಅಮ್ಮನಿಗೂ ಅಜ್ಜಿಗೂ ಏಳು ವರ್ಷ ಮಾತಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ನಿಂತು ಇವನ ಬಾಯಿಂದ ಮಾತಾಡಿಸುತ್ತಿದ್ದರು. "ಹೋಗಿ ಹೇಳು ನಿಮ್ಮಜ್ಜಿಗೆ, ಉಪ್ಪು ಜಾಸ್ತಿ ಆಯ್ತು, ಕಣ್ಣು ಹೋಗಿದೆಯಾ ಅಂತ." ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಅವನು ಕಣ್ಣನ್ನು ಬಿಟ್ಟು ಉಪ್ಪನ್ನು ಮಾತ್ರ ತಲುಪಿಸುತ್ತಿದ್ದ. ಅರ್ಧ ನುಂಗಿ ಅರ್ಧ ಹೇಳುವ ಆ ಅಭ್ಯಾಸವೇ ಮುಂದೆ ಅವನಿಗೆ ಅನ್ನ ಕೊಟ್ಟಿತು. ಎಂಜಿನ್ ಕೆಲಸ ಬಲ್ಲವರು ಸುತ್ತಮುತ್ತ ಇನ್ನೂ ನಾಲ್ವರಿದ್ದರು. ಆದರೆ ಯಾರ ಗಾಡಿ ಯಾವ ಹಳ್ಳಕ್ಕೆ ಏಕೆ ಬಿತ್ತು, ಆಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳಿಯೂ ಕೇಳದ ಹಾಗಿರುವವನು ಇವನೊಬ್ಬನೇ. ಜನ ಮನೆಯ ಕೀಲಿಕೈಯನ್ನೂ ಇವನ ಚೀಲದಲ್ಲಿ ಹಾಕಿ ಹೋಗುತ್ತಿದ್ದರು. ಈ ಐವತ್ತೆರಡನೆಯ ವಯಸ್ಸಿನಲ್ಲಿ ಬೆನ್ನು ಬಗ್ಗಿತ್ತು, ಕನ್ನಡಕ ದಾರಕ್ಕೆ ಬಿದ್ದಿತ್ತು, ಮಾತು ಮಾತ್ರ ಹೊರಗೆ ಬಿದ್ದಿರಲಿಲ್ಲ.

ಅವನು ಷೆಡ್ಡಿಗೆ ಬಂದಾಗ ತಂಗಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದಳು. ಬಾಗಿಲ ಕಿರುಚು ಕೇಳಿ ಅಣ್ಣಂದಿರಿಬ್ಬರೂ ಅವರವರ ಮನೆಯಿಂದ ಬಂದು ನಿಂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಿತ್ತು ಇಬ್ಬರ ಮುಖ.

"ಇಷ್ಟು ಬೇಗ ಯಾಕೆ ಬಂದೆ? ಇನ್ನೂ ಸರಿಯಾಗಿ ಬೆಳಕೇ ಹರಿದಿಲ್ಲ," ಎಂದ ದೊಡ್ಡಣ್ಣ.

"ಹದ ನಿನ್ನ ಗಡಿಯಾರ ನೋಡ್ಕೊಂಡು ಬರುತ್ತಾ ದೊಡ್ಡಣ್ಣ? ಮೊನ್ನೆ ಮಳೆ ಬಂತು, ನಿನ್ನೆ ಒದ್ದೆ. ಇವತ್ತು ಮಧ್ಯಾಹ್ನದೊಳಗೆ ಉತ್ತರೆ ಉಂಟು, ಇಲ್ಲಾಂದ್ರೆ ನನ್ನ ಹೊಲ ಇಟ್ಟಿಗೆ. ನಾಳೆ ಪಾಳಿ ಚಿಕ್ಕಣ್ಣಂದು, ನಾಡಿದ್ದು ನಿಂದು. ನನ್ನ ಸರದಿ ಬರೋ ಹೊತ್ತಿಗೆ ಸುತ್ತಿಗೆ ತಗೊಂಡು ಬಿತ್ತಬೇಕು."

ಅವಳ ಹೊಲದ ಮಣ್ಣು ಅಂಥದ್ದು. ಒಂದು ದಿನ ಹೆಚ್ಚು ಒದ್ದೆಯಾದರೆ ಚಕ್ರಕ್ಕೆ ಮೆತ್ತುತ್ತದೆ, ಒಂದು ದಿನ ಹೆಚ್ಚು ಒಣಗಿದರೆ ನೇಗಿಲ ಹಲ್ಲು ಮುರಿಯುತ್ತದೆ. ನಡುವೆ ಅರ್ಧ ದಿನ ಮಾತ್ರ ಅದು ಒಪ್ಪುತ್ತದೆ. ಷೆಡ್ಡಿನ ಬಾಗಿಲಿಂದ ಆ ಹೊಲ ಕಾಣುತ್ತಿತ್ತು. ಕಪ್ಪಾಗಿ, ಮೃದುವಾಗಿ, ಮೇಲೆ ತೆಳ್ಳಗೆ ಹಬೆಯಾಡುತ್ತ ಮಲಗಿತ್ತು.

ಮೇಸ್ತ್ರಿ ಕೀ ತಿರುಗಿಸಿದ. ದೀಪವೂ ಹತ್ತಲಿಲ್ಲ. ಅವನಿಗೆ ಎಲ್ಲ ಅರ್ಥವಾಯಿತು. ದೊಡ್ಡಣ್ಣ ನಸುಕಿನಲ್ಲಿ ಬಂದು ಸ್ವಿಚ್ಚು ಹಾಕಿ ಹೋಗಬೇಕೆಂದಿದ್ದ, ತಂಗಿ ಅವನಿಗಿಂತ ಮುಂಚೆ ಬಂದಳು. ಈಗ ಎಲ್ಲರ ಕಣ್ಣೆದುರು ಹೇಗೆ ಹಾಕುತ್ತಾನೆ? ಮೇಸ್ತ್ರಿ ಅವನಿಗೊಂದು ದಾರಿ ಮಾಡಿಕೊಟ್ಟ.

"ಯಜಮಾನ್ರೇ, ಇಲ್ಲಿ ಬನ್ನಿ. ಬ್ಯಾಟರಿ ಪೆಟ್ಟಿಗೆ ಹಿಂದೆ ಕೈ ಹಾಕಿ, ವೈರು ಸಡಿಲ ಇದೆಯಾ ನೋಡಿ. ನನ್ನ ಕೈ ದಪ್ಪ."

ದೊಡ್ಡಣ್ಣ ಬಗ್ಗಿದ. ಕೈ ಹಾಕಿದ. ಅಷ್ಟರಲ್ಲಿ ಚಿಕ್ಕಣ್ಣ ಅವನ ಭುಜದ ಮೇಲಿಂದ ಇಣುಕಿ, "ಎಲ್ಲಿ, ನಾನೂ ನೋಡ್ತೀನಿ," ಎಂದ. ದೊಡ್ಡಣ್ಣ ಹಾವು ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. "ಏನೂ ಸಡಿಲ ಇಲ್ಲ. ಎಲ್ಲಾ ಸರಿಯಾಗಿದೆ."

ಎಲ್ಲಾ ಸರಿಯಾಗಿದೆಯಂತೆ. ಮೇಸ್ತ್ರಿ ಸ್ಪ್ಯಾನರನ್ನು ಬೇಕೆಂದೇ ಕೆಳಕ್ಕೆ ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಕೈ ಬಗ್ಗಿಸಿ ಸ್ವಿಚ್ಚು ಒತ್ತಿದ. ಬೆರಳ ಗೆಣ್ಣು ತರಚಿ ರಕ್ತ ಬಂತು. ದೀಪ ಹತ್ತಿತು.

"ಹಾ!" ಎಂದಳು ತಂಗಿ. ಕೀ ತಿರುಗಿಸಿದಳು. ಟ್ರ್ಯಾಕ್ಟರ್ ಗರಗರ ಎಂದು, ಒಂದು ಸಲ ಕೆಮ್ಮಿ, ಹೊಗೆ ಉಗುಳಿ ಹೊತ್ತಿಕೊಂಡಿತು. ಅವಳು ಹಲ್ಲು ಬಿಟ್ಟು ನಕ್ಕು ಗೇರು ಹಾಕಿಯೇಬಿಟ್ಟಳು. ಮೇಸ್ತ್ರಿ ಕೈ ಎತ್ತಿ ಏನೋ ಕೂಗಿದ್ದು ಅವಳಿಗೆ ಕೇಳಲಿಲ್ಲ. ಫಿಲ್ಟರಿನ ಬಟ್ಟಲಲ್ಲಿ ಉಳಿದ ಡೀಸೆಲ್ ಮುಗಿಯುವವರೆಗೆ ಮಾತ್ರ ಅದರ ಆಯುಷ್ಯವೆಂದು ಅವನಿಗೆ ಆ ಕ್ಷಣ ಹೊಳೆದಿತ್ತು. ಮೂತಿ ಬೆಳಕಿಗೆ ಬಂತು, ಹಿಂದಿನ ಚಕ್ರ ಹೊಸ್ತಿಲ ಮೇಲೆ ಹತ್ತಿತು. ಅಲ್ಲಿಗೆ ಎರಡು ಸಲ ಮುಗ್ಗರಿಸಿ ನಿಂತಿತು. ಒಳಗೆ ಅರ್ಧ, ಹೊರಗೆ ಅರ್ಧ.

ಹೊತ್ತಿಕೊಂಡು ನಿಂತುಹೋದರೆ ಚಿಕ್ಕಣ್ಣನದು. ಮೊನ್ನೆ ಮಳೆ ನಿಂತ ಸಂಜೆ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅಣ್ಣತಮ್ಮಂದಿರಿಬ್ಬರೂ ಬಂದು ಹೋಗಿದ್ದಾರೆ, ಮೋಡ ಸರಿದ ಕೂಡಲೇ ಇನ್ನೊಬ್ಬರು ಪಾಳಿ ಹಾರಿಸಿಬಿಡುತ್ತಾರೆಂಬ ಭಯಕ್ಕೆ.

"ಚಿಕ್ಕಣ್ಣಾ, ಟ್ಯಾಂಕಿನ ಅಡಿ ಸ್ವಲ್ಪ ಕೈ ಆಡಿಸಿ ನೋಡಿ. ಡೀಸೆಲ್ ಎಲ್ಲಾದ್ರೂ ನಿಂತಿದೆಯಾ ಅಂತ." 'ನಿಂತಿದೆಯಾ' ಎನ್ನುವಾಗ ಅವನ ಕಣ್ಣನ್ನೇ ನೋಡಿದ.

ಚಿಕ್ಕಣ್ಣ ಕೆಳಗೆ ತೂರಿದ. ದೊಡ್ಡಣ್ಣನೂ ಮೊಣಕಾಲೂರಿ ಕೂತು ನೋಡತೊಡಗಿದ. ಚಿಕ್ಕಣ್ಣ ಹೊರಬಂದು ಕೈ ಒರೆಸಿಕೊಂಡ. "ಏನೂ ಇಲ್ಲ ಗುರುವೇ. ನೀವೇ ನೋಡಿ, ನಿಮ್ಮ ಕೆಲಸ ನೀವೇ ಮಾಡಿದ್ರೆ ಚೆಂದ."

ಮೇಸ್ತ್ರಿ ಬೆನ್ನಡಿಗೆ ಗೋಣಿ ಹಾಸಿಕೊಂಡು ಹೊಸ್ತಿಲ ಮೇಲೇ ಮಲಗಿ ಒಳಗೆ ಸರಿದ. ಸೊಂಟದ ಕೆಳಗೆ ಹೊಸ್ತಿಲ ಕಲ್ಲು ಒತ್ತುತ್ತಿತ್ತು. ತಗಡಿನ ಸಂದಿಯಲ್ಲಿ ನಲ್ಲಿ ತಿರುಗಿಸಿದ. ಅಷ್ಟಕ್ಕೆ ಮುಗಿಯಲಿಲ್ಲ. ಬರಿದಾದ ಪೈಪು ಗಾಳಿ ಎಳೆದುಕೊಂಡಿತ್ತು. ಆ ಏರ್ ತೆಗೆಯದೆ ಡೀಸೆಲ್ ಮೇಲೇರುವುದಿಲ್ಲ. ಫಿಲ್ಟರಿನ ತಿರುಪು ಸಡಿಲಿಸಿ ಕೈಪಂಪು ಒತ್ತತೊಡಗಿದ. ನೊರೆ ಬಂತು, ಗುಳ್ಳೆ ಬಂತು, ಮತ್ತೆ ನೊರೆ. ಡೀಸೆಲ್ ಮೊಣಕೈವರೆಗೆ ಇಳಿದು ತರಚಿದ ಗೆಣ್ಣಿಗೆ ಉರಿ ಹತ್ತಿತು.

ಅವನು ಕೆಳಗಿದ್ದಾಗ ಮೇಲೆ ನಡೆದದ್ದು ಅವನಿಗೆ ಬರೀ ಕೇಳಿಸುತ್ತಿತ್ತು.

"ಇಳಿ ಪುಟ್ಟೀ, ನಿನ್ನ ಕೈಗೆ ಇದು ಬಗ್ಗಲ್ಲ. ನಾನು ಕೂತ್ಕೊಂಡು ಹೊಡೀತೀನಿ." ಚಿಕ್ಕಣ್ಣನ ದನಿ.

"ನನ್ನ ಪಾಳಿ."

"ಪಾಳಿ ಯಾರು ಬೇಡ ಅಂದ್ರು? ಸ್ಟಾರ್ಟ್ ಆದ್ರೆ ನನ್ನ ಬದುವಿಗೆ ಒಂದೇ ಒಂದು ಸುತ್ತು ಹೊಡೆದು ತಂದು ಕೊಡ್ತೀನಿ. ಹದಿನೈದು ನಿಮಿಷ."

"ನಿನ್ನ ಹದಿನೈದು ನಿಮಿಷ ನಂಗೊತ್ತು. ಹೋದ ವರ್ಷದ ಹದಿನೈದು ನಿಮಿಷ ಇನ್ನೂ ಮುಗಿದಿಲ್ಲ."

ಯಾರೋ ಇಳಿದರು, ಯಾರೋ ಹತ್ತಿದರು. ಬಾನೆಟ್ಟಿನ ಹತ್ತಿರ ಬಳೆಯೊಂದು ಕಬ್ಬಿಣಕ್ಕೆ ತಾಗಿದ ಸದ್ದಾಯಿತು. ಮೇಸ್ತ್ರಿ ಅದನ್ನು ಲಕ್ಷಿಸಲಿಲ್ಲ. ಗುಳ್ಳೆ ನಿಂತು ಡೀಸೆಲ್ ತಿಳಿಯಾಗಿ ಹರಿಯುತ್ತಿತ್ತು; ತಿರುಪು ಬಿಗಿದು "ಹೊಡೀರಿ!" ಎಂದ.

ಸೆಲ್ಫ್ ಸುತ್ತಿತು. ಎಂಜಿನ್ ಹತ್ತಲಿಲ್ಲ.

ಮತ್ತೆ ಸುತ್ತಿತು. ಹತ್ತಲಿಲ್ಲ. ಮೇಸ್ತ್ರಿಗೆ ಆಶ್ಚರ್ಯವಾಯಿತು. ಎಲ್ಲೋ ಇನ್ನೂ ಏರ್ ಉಳಿದಿದೆ ಎಂದುಕೊಂಡು ಮತ್ತೆ ಬಿಚ್ಚಿ ಮತ್ತೆ ಒತ್ತಿದ. ತಂಗಿಯ ಕೊಕ್ಕೆಯ ನೆನಪು ಅವನಿಗಾಗದೆ ಇರಲಿಲ್ಲ. ಆದರೆ ಈಗಷ್ಟೇ ಅರ್ಧ ನಿಮಿಷ ಓಡಿತ್ತಲ್ಲ, ಕೊಕ್ಕೆ ಇದ್ದರೆ ಓಡುತ್ತಿತ್ತೇ? ಹಾಗಾಗಿ ಅದನ್ನು ಲೆಕ್ಕದಿಂದ ಬಿಟ್ಟ. ಫಿಲ್ಟರ್ ಬಿಚ್ಚಿ ತೊಳೆದ. ಪಂಪಿನಿಂದ ನೋಝಲ್ಲಿಗೆ ಹೋಗುವ ಉಕ್ಕಿನ ಪೈಪುಗಳ ನಟ್ಟನ್ನು ನೋಝಲ್ಲಿನ ತುದಿಯಲ್ಲಿ ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆಸಿದ. ಒಂದರಲ್ಲೂ ಹನಿ ಕಾಣಲಿಲ್ಲ. ಪಂಪೇ ಕೆಟ್ಟಿತೇ? ಪಂಪು ಕೆಟ್ಟರೆ ಇವತ್ತಲ್ಲ, ಈ ವಾರ ಮುಗಿದ ಮಾತು. ಒಳ್ಳೆಯ ಪಂಪು ಅದು, ಅವನೇ ಹೋದ ಬೇಸಗೆಯಲ್ಲಿ ಬಿಚ್ಚಿ ಕಟ್ಟಿದ್ದ. ತನ್ನ ಕೈಯ ಮೇಲೇ ಅವನಿಗೆ ಅನುಮಾನ ಬಂತು; ಅಂಥ ಅನುಮಾನ ಬಂದು ಹಲವು ವರ್ಷವಾಗಿತ್ತು, ಅದರ ರುಚಿ ಡೀಸೆಲ್ಲಿಗಿಂತ ಕಹಿಯಾಗಿತ್ತು.

ಬಿಸಿಲು ಬಾಗಿಲ ಚೌಕಟ್ಟು ದಾಟಿ ಒಳಗೆ ಬಂತು. ಒಂದು ಗಂಟೆ ಹೋಯಿತು, ಇನ್ನೊಂದು ಹೋಯಿತು. ಹೊಲದ ಮೇಲಿನ ಹಬೆ ಕರಗಿಹೋಗಿತ್ತು. ತಂಗಿ ಎರಡು ಸಲ ಹೊಲಕ್ಕೆ ಓಡಿ ಮಣ್ಣು ಹಿಡಿ ತಂದು ಅಂಗೈಯಲ್ಲಿ ಹಿಸುಕಿ ನೋಡಿದಳು. ಮೊದಲ ಸಲ ಅದು ಉಂಡೆಯಾಗಿ ಸದ್ದಿಲ್ಲದೆ ಒಡೆಯಿತು. ಎರಡನೆಯ ಸಲ ಅಂಚಿನಲ್ಲಿ ಸಣ್ಣಗೆ ಪುಡಿಯಾಯಿತು. ಅವಳು ಕೈ ಕೊಡವಿದಳು. ಸೆಲ್ಫಿನ ಗರಗರ ಈಗ ನಿದ್ದೆಗಣ್ಣಿನವನ ಗೊಣಗಾಟದಂತೆ ಎಳೆಯುತ್ತಿತ್ತು, ಬ್ಯಾಟರಿ ಸೋಲುತ್ತಿತ್ತು.

ಚಿಕ್ಕಣ್ಣ ಸೀಟಿನಿಂದಿಳಿದು ಗೋಡೆಗೊರಗಿದ. "ವಿಚಿತ್ರ ನೋಡಿ. ಮೊನ್ನೆ ಮಳೆಗೆ ಮುಂಚೆ ನಾನು ಓಡಿಸಿದಾಗ ಕುದುರೆ ಹಾಗಿತ್ತು. ಇವಳ ಪಾಳಿ ಬಂದಾಗಲೇ ಕೈ ಕೊಡುತ್ತೆ."

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾಳೆ, ನಾನು ನೋಡಿದ್ದೀನಿ," ಎಂದ ದೊಡ್ಡಣ್ಣ. ಮೊದಲ ಸಲ ಅಣ್ಣತಮ್ಮಂದಿರಿಬ್ಬರೂ ಒಂದು ಮಾತಿಗೆ ಬಂದಿದ್ದರು. "ಅದಕ್ಕೇ ನಾನು ಹೇಳ್ತಿದ್ದದ್ದು. ನೀನು ಪಾಳಿ ಬಿಟ್ಟುಬಿಡು. ನಿನ್ನ ಹೊಲಾನ ನಾವಿಬ್ಬರೇ ಉತ್ತುಕೊಡ್ತೀವಿ, ಬಿಡುವಾದಾಗ."

"ಬಿಡುವಾದಾಗ!" ತಂಗಿ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳಿದಳು. "ಅಪ್ಪ ಕೊಟ್ಟಿದ್ದು ಮೂರು ಪಾಲು. ಎರಡು ಪಾಲು, ಒಂದು ಬಿಡುವು ಅಂತ ಕೊಟ್ಟಿಲ್ಲ."

"ಏ, ಜಗಳಕ್ಕೆ ಬರಬೇಡ. ಮೇಸ್ತ್ರಿ ಇದ್ದಾರಲ್ಲ, ಅವರೇ ಹೇಳಲಿ. ಹೇಳಿ ಮೇಸ್ತ್ರಿ, ಓಡಿಸೋದ್ರಲ್ಲೇ ಇವಳು ಕೆಡಿಸಿದ್ದು ತಾನೇ? ನೀವು ಹೇಳಿದ್ರೆ ನಾವ್ಯಾರೂ ಎದುರು ಮಾತಾಡಲ್ಲ."

ಮೇಸ್ತ್ರಿ ಟ್ರ್ಯಾಕ್ಟರಿನ ಅಡಿಯಿಂದ ತೆವಳಿ ಹೊರಬಂದ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇವಳು ಕೆಡಿಸಿಲ್ಲವೆಂದರೆ, ಮತ್ತೆ ಯಾರು ಎಂದು ಕೇಳುತ್ತಾರೆ. ಸುಮ್ಮನಿದ್ದರೆ, ಅವನ ಸುಮ್ಮನಿರುವಿಕೆಯನ್ನೇ ಹೌದೆಂದು ಬರೆದುಕೊಳ್ಳುತ್ತಾರೆ. ಅವನು ಮುಖ ತಪ್ಪಿಸಲು ಬಾನೆಟ್ಟಿನೊಳಗೆ ಬಗ್ಗಿದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೇಲೇರಿಸಿ ಪಂಪಿನ ಪಕ್ಕ ನೋಡಿದ.

ಕೊಕ್ಕೆ ಹಾಕಿತ್ತು.

ಎರಡು ನಿಮಿಷ ಅವನು ಹಾಗೇ ಬಗ್ಗಿ ನಿಂತ. ಅವನು ಬೆನ್ನಡಿಗೆ ಕಲ್ಲು ಒತ್ತಿಸಿಕೊಂಡು ಮಲಗಿದ್ದಾಗ ಕೇಳಿದ ಬಳೆಯ ಸದ್ದು ಈಗ ಅರ್ಥವಾಯಿತು. ಚಿಕ್ಕಣ್ಣ ಸೀಟಿಗೆ ಹತ್ತಿದ್ದನ್ನು ಕಂಡು, ಹೊತ್ತಿಕೊಂಡರೆ ಇವನು ಓಡಿಸಿಕೊಂಡೇ ಹೋಗುತ್ತಾನೆಂದು ಹೆದರಿ, ತನ್ನ ಪಾಳಿಯ ದಿನ ತಾನೇ ಕೊಕ್ಕೆ ಹಾಕಿದ್ದಳು ತಂಗಿ. ಆಮೇಲೆ ತೆಗೆಯಲು ಅವಳಿಗೆ ಯಾರೂ ಬೆನ್ನು ತಿರುಗಿಸಿ ನಿಂತಿರಲಿಲ್ಲ. ಎರಡು ಗಂಟೆ ಹೊತ್ತು, ಮಣ್ಣು ಹಿಸುಕುತ್ತ, ಹೊಲ ಒಣಗುವುದನ್ನು ನೋಡುತ್ತ, ಬಾಯಿ ಬಿಡದೆ ನಿಂತಿದ್ದಳು. ಮೇಸ್ತ್ರಿ ತಲೆ ಎತ್ತಿ ಅವಳನ್ನು ನೋಡಿದ. ಅವಳು ಹೊಲದ ಕಡೆ ನೋಡಿದಳು. ಅವಳ ಕಿವಿ ಕೆಂಪಾಗಿತ್ತು.

ಅವನ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಯಾರ ಮೇಲೆಂದು ಹೇಳುವುದು ಕಷ್ಟ. ಮೂರು ಕಡೆಗೂ ಬೆರಳು ತೋರಬಹುದಿತ್ತು, ಆದರೆ ಮೂರನ್ನೂ ಕೂರಿಸಿದ ಕೈ ಒಂದೇ; ಅದೀಗ ಡೀಸೆಲ್ ಮೆತ್ತಿಕೊಂಡು ಅವನ ಎದುರೇ ಇತ್ತು.

"ಏ, ಕೇಳಿಸ್ತಾ!" ಎಂದು ಗೋಡೆಯಾಚೆಗೆ ಕೂಗಿದ. "ನನ್ನ ದೊಡ್ಡ ಬ್ಯಾಟರಿ ತಳ್ಳುಗಾಡೀಲಿ ಹಾಕ್ಕೊಂಡು ಬಾ!"

ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದ. ಬಾನೆಟ್ಟಿನೊಳಗೆ ಕೈ ಹಾಕಿ ಒಂದೇ ಏಟಿಗೆ ಕೊಕ್ಕೆ ಕತ್ತರಿಸಿ ತೆಗೆದು, ಹೊಸ್ತಿಲ ಕಲ್ಲಿನ ಮೇಲಿಟ್ಟ. ಟ್ಯಾಂಕಿನ ಅಡಿಯ ತಗಡು ಕಿತ್ತು, ನಲ್ಲಿಯನ್ನು ಬಿಚ್ಚಿ, ಆ ಜಾಗಕ್ಕೆ ರಬ್ಬರ್ ಪೈಪಿನ ತುಂಡು ತೊಡಿಸಿ ಕ್ಲಿಪ್ಪು ಬಿಗಿದ. ಡೀಸೆಲ್ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಕೊಕ್ಕೆಯ ಪಕ್ಕದಲ್ಲಿಟ್ಟ. ಚಿಕ್ಕಣ್ಣ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗಾದ. ಕೊನೆಗೆ ಬ್ಯಾಟರಿ ಪೆಟ್ಟಿಗೆಯ ಹಿಂದಿನಿಂದ ಸ್ವಿಚ್ಚು ಬಂತು, ಎರಡು ವೈರಿನ ಬಾಲದ ಸಮೇತ. ಆ ವೈರುಗಳ ಜಾಗದಲ್ಲಿ ಒಂದೇ ವೈರು ನೆಟ್ಟಗೆ ಎಳೆದು ಬೋಲ್ಟು ಬಿಗಿದ. ಸ್ವಿಚ್ಚನ್ನೂ ಕಲ್ಲಿನ ಮೇಲಿಟ್ಟ.

"ಏನಿದು?" ಎಂದ ದೊಡ್ಡಣ್ಣ.

"ಕಾಯಿಲೆ," ಎಂದ ಮೇಸ್ತ್ರಿ. "ಯಾವುದು ಯಾರದ್ದು ಅಂತ ನಾನು ಹೇಳಲ್ಲ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಅವರವರದ್ದು ಅವರವರಿಗೆ ಗೊತ್ತು."

ಮೂವರೂ ಕಲ್ಲಿನ ಮೇಲೆ ಬಗ್ಗಿ ನೋಡಿದರು. ಮೊದಲು ತಮ್ಮದನ್ನು, ಆಮೇಲೆ ಉಳಿದೆರಡನ್ನು. ಉಳಿದೆರಡರ ಮೇಲೆ ಕಣ್ಣು ಬಿದ್ದಾಗ ಮೂವರ ಹುಬ್ಬೂ ಒಂದೇ ರೀತಿ ಮೇಲೇರಿತು. ಒಂದೇ ಅಪ್ಪನ ಮಕ್ಕಳೆಂದು ಹೇಳಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಇನ್ನು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುತ್ತಾರೆಂದು ಮೇಸ್ತ್ರಿ ಕಾದ. ಅವರು ತಿರುಗಿದ್ದು ಅವನ ಕಡೆಗೆ.

"ನನಗೆ ಮಾತ್ರ ಅಂತ ಅಂದ್ಕೊಂಡಿದ್ದೆ ಮೇಸ್ತ್ರಿ," ಎಂದ ದೊಡ್ಡಣ್ಣ. ದನಿಯಲ್ಲಿ ನಿಜವಾದ ನೋವಿತ್ತು.

"ಇಷ್ಟು ದಿನ ನಮ್ಮ ಮುಖ ನೋಡ್ಕೊಂಡು ಒಳಗೊಳಗೇ ನಗ್ತಿದ್ರಾ?" ಎಂದ ಚಿಕ್ಕಣ್ಣ.

"ನಾನು ನಿಮ್ಮನ್ನ ಸ್ವಂತ ಅಣ್ಣನಿಗಿಂತ ಹೆಚ್ಚು ನಂಬಿದ್ದೆ," ಎಂದಳು ತಂಗಿ.

"ಸ್ವಂತ ಅಣ್ಣನಿಗಿಂತ ಹೆಚ್ಚು ಅಂದ್ರೆ ಎಷ್ಟು ಅಂತ ಈಗ ಗೊತ್ತಾಯ್ತಮ್ಮ." ಮೇಸ್ತ್ರಿಯ ದನಿ ಏರಿತು. "ಯಾರಿಗೂ ಹೇಳ್ಬೇಡಿ ಅಂದ್ರಿ, ಹೇಳಲಿಲ್ಲ. ಬೇರೆಯವರಿಗೆ ಹಾಕ್ಬೇಡಿ ಅಂತ ನಿಮ್ಮಲ್ಲಿ ಒಬ್ಬರಾದ್ರೂ ಅಂದ್ರಾ? ಬೆಳಗ್ಗೆಯಿಂದ ನನ್ನ ಸೊಂಟ ಕಲ್ಲಿನ ಮೇಲೆ, ನಿಮ್ಮ ಕಣ್ಣು ಒಬ್ಬರ ಕೈ ಮೇಲೆ ಒಬ್ಬರದ್ದು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಗಾಡಿ ಪಾಪ ಏನು ಮಾಡುತ್ತೆ!"

ಅಷ್ಟರಲ್ಲಿ ತಳ್ಳುಗಾಡಿ ಬಂತು. ಹೆಂಡತಿ ಬ್ಯಾಟರಿ ಇಳಿಸಿ, ಕಲ್ಲಿನ ಮೇಲಿದ್ದ ಮೂರನ್ನೂ ನೋಡಿ, ಮೂವರ ಮುಖವನ್ನೂ ನೋಡಿ, ಕಡೆಗೆ ಗಂಡನ ಮುಖ ನೋಡಿದಳು.

"ಮೂರು ವರ್ಷ. ನನಗೂ ಹೇಳಲಿಲ್ಲ," ಎಂದಳು ಮೆಲ್ಲಗೆ. ಅವಳ ತಮಾಷೆಯ ದನಿ ಎಲ್ಲೋ ಹೋಗಿತ್ತು. "ನಿಮ್ಮ ಹೊಟ್ಟೇಲಿ ಇನ್ನೂ ಏನೇನಿದೆಯೋ." ಉತ್ತರಕ್ಕೆ ಕಾಯದೆ ಗಾಡಿ ತಳ್ಳಿಕೊಂಡು ಹಿಂದಿರುಗಿದಳು. ಮೇಸ್ತ್ರಿ ಅವಳ ಬೆನ್ನನ್ನೇ ನೋಡುತ್ತ ಒಂದು ಕ್ಷಣ ಸ್ಪ್ಯಾನರ್ ಎತ್ತಿಕೊಳ್ಳಲು ಮರೆತ.

ಆಮೇಲಿನ ಕೆಲಸ ಸಲೀಸಾಗಿತ್ತು. ಇನ್ನೊಂದು ಸಲ ಏರ್ ತೆಗೆದ, ವೈರು ಸಿಕ್ಕಿಸಿದ. ತಂಗಿ ಸೀಟಿಗೆ ಹತ್ತಿ ಕೀ ತಿರುಗಿಸಿದಳು. ನಾಲ್ಕು ಸುತ್ತು. ಐದನೆಯದಕ್ಕೆ ಕರಿ ಹೊಗೆ ಎದ್ದು, ತಗಡಿನ ಮಾಡು ಪೂರ್ತಿ ಗುಡುಗುಟ್ಟಿತು. ಮಾಡಿನ ಧೂಳು ನಾಲ್ವರ ತಲೆಯ ಮೇಲೂ ಸಮನಾಗಿ ಉದುರಿತು.

ಅವಳು ಹೊಸ್ತಿಲಿಂದ ಹಿಂದಿನ ಚಕ್ರ ಇಳಿಸಿ ಸೀದಾ ಹೊಲಕ್ಕೆ ನಡೆಸಿದಳು. ಹೊಲದ ಮೇಲ್ಭಾಗ ಆಗಲೇ ಬೆಳ್ಳಗಾಗಿತ್ತು. ಅವಳು ಅದನ್ನು ಬಿಟ್ಟು, ಇನ್ನೂ ಕಪ್ಪಾಗಿದ್ದ ತಗ್ಗಿನ ಕಡೆ ಇಳಿದು ನೇಗಿಲೂರಿದಳು. ಅರ್ಧ ಸಿಕ್ಕಿತು, ಅರ್ಧ ಹೋಯಿತು. ಮಣ್ಣು ಹೊರಳಿದಾಗಿನ ತಂಪು ವಾಸನೆ ಷೆಡ್ಡಿನವರೆಗೂ ಬಂತು.

ದೊಡ್ಡಣ್ಣ ಬಗ್ಗಿ ತನ್ನ ಸ್ವಿಚ್ಚು ಎತ್ತಿಕೊಂಡ. ಅಂಗಿಯ ಅಂಚಿನಿಂದ ಒರೆಸಿ, ಊದಿ, ಮೇಲಿನ ಜೇಬಿಗಿಟ್ಟುಕೊಂಡ, ಬಿದ್ದುಹೋಗಿದ್ದ ಪೆನ್ನು ಇಟ್ಟುಕೊಂಡಷ್ಟು ಸಹಜವಾಗಿ. ಚಿಕ್ಕಣ್ಣ ಅವನು ಎರಡು ಹೆಜ್ಜೆ ಆಚೆ ಹೋಗುವುದನ್ನೇ ಕಾದು, ಮೇಸ್ತ್ರಿಯ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ.

"ಆಗಿದ್ದು ಆಯ್ತು ಗುರುವೇ, ಬೇಜಾರು ಮಾಡ್ಕೋಬೇಡಿ. ಆದ್ರೆ ಈಗ ಅವರಿಬ್ಬರಿಗೂ ನನ್ನ ಜಾಗ ಗೊತ್ತಾಗಿಹೋಯ್ತಲ್ಲ. ಆ ಗಾಳಿ ಫಿ‌ಲ್ಟರ್ ಹಿಂದೆ ಒಂದು ಚಿಕ್ಕದು ಮಾಡಿಕೊಟ್ರೆ... ಈ ಸಲ ನನಗೊಬ್ಬನಿಗೆ."

ದೊಡ್ಡಣ್ಣ ಹಿಂದಿರುಗಿ ನೋಡಿದ. "ಏನಂತೆ? ಏನು ಕೇಳ್ತಿದ್ದಾನೆ ಮೇಸ್ತ್ರಿ? ಅವನಿಗೆ ಏನಾದ್ರೂ ಹಾಕಿಕೊಡೋದಾದ್ರೆ ಮೊದಲು ನನ್ನ ಹತ್ರ..."

"ನೋಡಿ," ಎಂದ ಮೇಸ್ತ್ರಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತ. "ಇವತ್ತು ಸಂಜೆ ನಿಮ್ಮ ತಂಗಿ ಹೊಲದಿಂದ ಬಂದ ಮೇಲೆ ನೀವು ಮೂರೂ ಜನ ಒಂದು ಕಡೆ ಕೂತ್ಕೊಂಡು..."

ಚಿಕ್ಕಣ್ಣ ದೊಡ್ಡಣ್ಣನ ಜೇಬನ್ನು ನೋಡುತ್ತಿದ್ದ. ದೊಡ್ಡಣ್ಣ ಆ ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡು, ಕಲ್ಲಿನ ಮೇಲೆ ಉಳಿದ ಕೊಕ್ಕೆಯನ್ನು ನೋಡುತ್ತಿದ್ದ. ಮೇಸ್ತ್ರಿ ಚೀಲವನ್ನು ಹೆಗಲಿಗೇರಿಸಿದ.

"...ಒಬ್ಬರ ಮುಖ ಒಬ್ಬರು ನೋಡಿ, ಬಾಯಿ ಬಿಟ್ಟು ಒಂದೇ ಒಂದು ಸಲ ಮಾತಾಡಿ," ಎಂದು ಹೇಳುತ್ತ ಹೊಸ್ತಿಲು ದಾಟಿ, ಗೋಡೆಯ ಪಕ್ಕದ ದಾರಿಯಲ್ಲಿ, ತನ್ನ ಮನೆಯ ಕಡೆ ನಡೆದ.